ಮಳೆಗಾಲದಲ್ಲಿ ಮನೆಯೊಳಗೆ ಸಸಿ: ಲೈಟ್ ಎಷ್ಟು ಎತ್ತರಕ್ಕೆ ಕಟ್ಟಬೇಕು?

ಶಿರಸಿ ಹೆಂಚಿನಮನೆ | ಆಗಸ್ಟ್ 20

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ ನಮ್ಮ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ. ಜೂನ್‌ನಿಂದ ಇವತ್ತಿನವರೆಗೆ ಸರಿಯಾಗಿ ಬಿಸಿಲು ಬಿದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಅಕ್ಟೋಬರ್ ಮೊದಲ ವಾರಕ್ಕೆ ಟೊಮೆಟೊ, ಬದನೆ, ಹಸಿಮೆಣಸು ಸಸಿ ನೆಡಲು ತಯಾರಿರಬೇಕು. ಅಂದರೆ ಬೀಜ ಹಾಕುವುದು ಆಗಸ್ಟ್‌ನಲ್ಲಿ, ಜಡಿಮಳೆ ಇರುವಾಗಲೇ. ಹೊರಗೆ ಮಡಿ ಮಾಡಿದರೆ ಮಳೆಯ ಹೊಡೆತಕ್ಕೆ ಮಣ್ಣು ಎದ್ದು ಹೋಗುತ್ತದೆ, ಉಳಿದದ್ದರ ಬುಡ ಕೊಳೆಯುತ್ತದೆ. ಹೋದ ವರ್ಷ ಎರಡು ಸಲ ಹಾಕಿ ಎರಡು ಸಲವೂ ಕಳೆದುಕೊಂಡೆ. ಆ ಬದನೆ ಬೀಜ ನಮ್ಮ ಅತ್ತೆ ಮೂವತ್ತು ವರ್ಷದಿಂದ ಉಳಿಸಿಕೊಂಡು ಬಂದದ್ದು. ಈಗ ಡಬ್ಬಿಯಲ್ಲಿ ಇನ್ನೊಂದು ಹಿಡಿ ಮಾತ್ರ ಇದೆ.

ಹಾಗಾಗಿ ಈ ಸಲ ಒಳಗಿನ ಕೋಣೆಯಲ್ಲಿ ಕೋಕೋಪೀಟ್ ತುಂಬಿದ ಟ್ರೇ ಇಟ್ಟು, 20 ವ್ಯಾಟ್‌ನ ನಾಲ್ಕಡಿ ಎಲ್‌ಇಡಿ ಟ್ಯೂಬ್ ಎರಡನ್ನು ತೊಲೆಯಿಂದ ಹಗ್ಗ ಕಟ್ಟಿ ಇಳಿಬಿಟ್ಟೆ. ಟ್ರೇಯಿಂದ ಸುಮಾರು ಒಂದೂವರೆ ಅಡಿ ಮೇಲೆ. ದಿನಕ್ಕೆ 12 ಗಂಟೆ ಉರಿಸುತ್ತೇನೆ. ಟೊಮೆಟೊ ಆರನೇ ದಿನ ಮೊಳೆಯಿತು. ಒಂಬತ್ತನೇ ದಿನಕ್ಕೆ ಮೂರು ಇಂಚು! ಕಾಂಡ ಹೊಲಿಗೆ ದಾರದಷ್ಟು ದಪ್ಪ, ಬಣ್ಣ ಬಿಳಿಚು. ತುದಿಯಲ್ಲಿ ಎರಡು ಬೀಜದೆಲೆ (ಮೊಳೆತಾಗ ಮೊದಲು ಬಿಚ್ಚುವ ಜೋಡಿ ಎಲೆ) ಮಾತ್ರ. ಬೆರಳಲ್ಲಿ ಎತ್ತಿ ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಪಕ್ಕದ ಸಸಿಯ ಮೇಲೆ ಮಲಗುತ್ತದೆ.

ಅಂಗಡಿಯವರು ನೇರಳೆ ಬಣ್ಣದ ಗಿಡದ ಲೈಟೇ ಬೇಕು ಅಂದರು. ಬೆಲೆ ಕೇಳಿ ಸುಮ್ನೆ ಬಂದೆ. ಬದನೆ ಬೀಜ ಹಾಕುವ ಮೊದಲು ಇದು ಸರಿಯಾಗಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಮಟಾ ಗದ್ದೆಬದಿ | ಆಗಸ್ಟ್ 20

ಅಕ್ಕಾ, ಲೈಟ್ ಕೆಳಗಿಳಿಸಿ. ಇವತ್ತೇ ಇಳಿಸಿ. ಒಂದೂವರೆ ಅಡಿ ಟ್ಯೂಬ್‌ಲೈಟಿಗೆ ತುಂಬಾ ದೂರ ಆಯಿತು. ನಾನು ಆರು ಇಂಚಿನಲ್ಲಿ ಇಡುತ್ತೇನೆ. ನೇರಳೆ ಲೈಟ್ ಏನೂ ಬೇಡ.

ಅಂಕೋಲಾ ಅಂಗಳ | ಆಗಸ್ಟ್ 20

ನನಗೆ ಒಂದು ಮಾತು ಹೇಳಬೇಕು ಅನಿಸುತ್ತದೆ. ನಮ್ಮ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ಬೆಳೆಯುವ ತರಕಾರಿ ನೋಡಿದ್ದೀರಲ್ವಾ? ಅಂಕೋಲಾ ಪೇಟೆಗೆ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಅವರಲ್ಲಿ ಯಾರೂ ಲೈಟ್ ಕಟ್ಟಿ ಸಸಿ ಮಾಡಿದ್ದು ನಾನು ಕಂಡಿಲ್ಲ. ಹೆಂಚಿನ ಮನೆಗೆ ನಾಲ್ಕು ಗಾಜಿನ ಹೆಂಚು ಹಾಕಿಸಿ, ಜಗಲಿಯಲ್ಲಿ ಟ್ರೇ ಇಟ್ಟರೆ ಸಾಕಲ್ವಾ? ಕರೆಂಟ್ ಯಾಕೆ ಸುಡಬೇಕು?

ಸಿದ್ದಾಪುರ ಸಸಿಮನೆ | ಆಗಸ್ಟ್ 21

ಅಂಕೋಲಾದವರ ಪ್ರಶ್ನೆ ಸರಿಯಾಗಿದೆ. ಆದರೆ ಅವರು ಮಳೆ ಹಿಂದೆ ಸರಿದ ಮೇಲೆ, ಬಿಸಿಲು ಬಂದಾಗ ಮಡಿಗೆ ಬೀಜ ಹಾಕುತ್ತಾರೆ. ಆಗ ಮೇಲಿನಿಂದ ಬೇಕಾದಷ್ಟು ಬೆಳಕು ಇರುತ್ತದೆ. ಶಿರಸಿಯವರು ಹೊರಟಿರುವುದು ಒಂದೂವರೆ ತಿಂಗಳು ಮೊದಲೇ ಶುರು ಮಾಡಲು. ಆ ಒಂದೂವರೆ ತಿಂಗಳ ಬೆಳಕನ್ನು ಎಲ್ಲಿಂದಾದರೂ ತರಬೇಕು.

ನಾನು ಚಿಕ್ಕ ಮಟ್ಟದಲ್ಲಿ ಸಸಿ ಮಾಡಿ ಕೊಡುತ್ತೇನೆ, ಮಳೆಗಾಲದಲ್ಲಿ ಒಳಗೆ ಲೈಟಿನ ಕೆಳಗೆ. ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಕಣ್ಣನ್ನು ನಂಬಬೇಡಿ. ಕತ್ತಲೆ ಕೋಣೆಯಲ್ಲಿ ಕಣ್ಣು ತಾನೇ ಹೊಂದಿಕೊಳ್ಳುತ್ತದೆ, ಎರಡು ಟ್ಯೂಬ್ ಹಾಕಿದರೆ ಝಗಝಗ ಅನಿಸುತ್ತದೆ. ಸಸಿಗೆ ಹಾಗಿಲ್ಲ. ಬೆಳಕನ್ನು ಲಕ್ಸ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಹೊರಗೆ ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯೊಳಗೆ ನಾವು ಪೇಪರ್ ಓದುವ ಜಾಗ 200, 300 ಲಕ್ಸ್ ಇದ್ದರೆ ಹೆಚ್ಚು. ಇಷ್ಟು ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಅದಕ್ಕೆ ಅಳತೆ ಮಾಡಿ. ಆಂಡ್ರಾಯ್ಡ್ ಫೋನಿಗೆ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಫೋನಿನ ಬೆಳಕಿನ ಸೆನ್ಸರ್ ಮುಂದಿನ ಕ್ಯಾಮೆರಾದ ಹತ್ತಿರ ಇರುತ್ತದೆ. ಸಸಿಯ ತುದಿ ಎಲ್ಲಿದೆಯೋ ಅದೇ ಎತ್ತರದಲ್ಲಿ ಫೋನನ್ನು ಅಂಗಾತ ಇಟ್ಟು ಓದಿ. ಕೈಯಲ್ಲಿ ಎತ್ತಿ ಲೈಟಿನ ಹತ್ತಿರ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ. ಎಲೆಗೆ ಎಷ್ಟು ಬೀಳುತ್ತದೋ ಅಷ್ಟೇ ನಮಗೆ ಬೇಕಾದದ್ದು. ಡಬ್ಬಿಯ ಮೇಲೆ ಬರೆದ ವ್ಯಾಟ್ ನೋಡಿ ಏನೂ ಪ್ರಯೋಜನ ಇಲ್ಲ.

ಲಕ್ಸ್ ಅಂದರೆ ಮನುಷ್ಯನ ಕಣ್ಣಿನ ಅಳತೆ. ಗಿಡದ ಅಳತೆಗೆ ಪಿಪಿಎಫ್‌ಡಿ ಅನ್ನುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಗಿಡಕ್ಕೆ ಉಪಯೋಗವಾಗುವ ಬೆಳಕಿನ ಕಣ ಎಷ್ಟು ಬೀಳುತ್ತವೆ ಅನ್ನುವ ಎಣಿಕೆ ಅದು, ಮೈಕ್ರೋಮೋಲ್ ಲೆಕ್ಕದಲ್ಲಿ. ಬಿಳಿ ಎಲ್‌ಇಡಿ ಆದರೆ ಲಕ್ಸ್ ಅನ್ನು 70ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಸಿಗುತ್ತದೆ. ಬಿಸಿಲಿಗಾದರೆ 54ರಿಂದ ಭಾಗಿಸಬೇಕು.

ಎಳೆ ಸಸಿಗೆ, ಬೀಜದೆಲೆ ಬಿಚ್ಚಿದ ಮೇಲೆ, ಪಿಪಿಎಫ್‌ಡಿ 100ರಿಂದ 150 ಇದ್ದರೆ ಶುರುವಿಗೆ ಒಳ್ಳೆಯದು. ನಿಜವಾದ ಎಲೆ ಎರಡು ಬಂದ ಮೇಲೆ 200ರ ಹತ್ತಿರ ತನ್ನಿ. ನೆಡುವ ಮೊದಲು 250, 300ಕ್ಕೆ ಹೋದರೂ ಟೊಮೆಟೊ, ಮೆಣಸು ಸಂತೋಷವಾಗಿಯೇ ಇರುತ್ತವೆ.

ಇನ್ನು ಗಂಟೆಯ ಲೆಕ್ಕ. ಇಡೀ ದಿನಕ್ಕೆ ಒಟ್ಟು ಎಷ್ಟು ಬೆಳಕು ಬಿತ್ತು ಅನ್ನುವುದಕ್ಕೆ ಡಿಎಲ್‌ಐ ಅನ್ನುತ್ತಾರೆ. ಪಿಪಿಎಫ್‌ಡಿಯನ್ನು ಗಂಟೆಯಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿ, ಉತ್ತರ ಮೋಲ್ ಲೆಕ್ಕದಲ್ಲಿ ಬರುತ್ತದೆ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್). ತರಕಾರಿ ಸಸಿಗೆ ದಿನಕ್ಕೆ 10ರಿಂದ 15 ಮೋಲ್ ಬಂದರೆ ಗಟ್ಟಿಯಾಗಿ ಬೆಳೆಯುತ್ತವೆ. ಶಿರಸಿ ಅಕ್ಕ, ನೀವು ಅಳತೆ ಮಾಡಿ ಹೇಳಿ. ನನ್ನ ಅಂದಾಜಿನಲ್ಲಿ ನಿಮ್ಮ ಸಸಿಗೆ ಈಗ 3 ಮೋಲ್ ಕೂಡ ಸಿಗುತ್ತಿಲ್ಲ.

ಶಿರಸಿ ಹೆಂಚಿನಮನೆ | ಆಗಸ್ಟ್ 21

ಅಳತೆ ಮಾಡಿದೆ! ಮಗನ ಫೋನಿನಲ್ಲಿ ಆ್ಯಪ್ ಹಾಕಿಕೊಂಡೆ. ಟ್ರೇ ಮಧ್ಯದಲ್ಲಿ 3,300 ಲಕ್ಸ್. 70ರಿಂದ ಭಾಗಿಸಿದರೆ 47. 12 ಗಂಟೆಗೆ ಲೆಕ್ಕ ಹಾಕಿದರೆ 2 ಮೋಲ್. ನೀವು ಹೇಳಿದ್ದಕ್ಕಿಂತಲೂ ಕಡಿಮೆ.

ಆಮೇಲೆ ಎರಡೂ ಟ್ಯೂಬ್‌ಗಳನ್ನು ಹತ್ತಿರ ಹತ್ತಿರ ಕಟ್ಟಿ ಅರ್ಧ ಅಡಿಗೆ ಇಳಿಸಿದೆ. 9,200 ಲಕ್ಸ್! ಮೂರು ಪಟ್ಟು ಹತ್ತಿರ ತಂದರೆ ಒಂಬತ್ತು ಪಟ್ಟು ಆಗುತ್ತದೆ ಅಂತ ಶಾಲೆಯಲ್ಲಿ ಓದಿದ ನೆನಪು. ಇಲ್ಲಿ ಮೂರು ಪಟ್ಟೂ ಆಗಲಿಲ್ಲವಲ್ಲ, ಯಾಕೆ?

ಅಂಕೋಲಾದವರಿಗೆ: ನೀವು ಹೇಳಿದಿರಿ ಅಂತ ಗಾಜಿನ ಹೆಂಚಿನ ಕೆಳಗೂ ನೋಡಿದೆ. ಮಧ್ಯಾಹ್ನ ಹನ್ನೆರಡೂವರೆ, ಮಳೆ ಜೋರಾಗಿ ಹೊಯ್ಯುತ್ತಿತ್ತು. ಅಂಗಳದಲ್ಲಿ ಕೊಡೆ ಹಿಡಿಯದೆ, ಫೋನಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಇಟ್ಟರೆ 6,000. ಗಾಜಿನ ಹೆಂಚಿನ ಕೆಳಗೆ ಜಗಲಿಯ ಮೇಲೆ 600. ಹೆಂಚಿನ ಮೇಲೆ ಪಾಚಿ ಕಟ್ಟಿದೆ, ಅದೂ ಕಾರಣ ಇರಬಹುದು.

ಅಂಕೋಲಾ ಅಂಗಳ | ಆಗಸ್ಟ್ 21

ಅಂಗಳದಲ್ಲೇ 6,000 ಅಂದರೆ ನನ್ನ ಮಾತು ಈ ತಿಂಗಳಿಗೆ ಹೊಂದುವುದಿಲ್ಲ, ಒಪ್ಪಿದೆ. ಅಳೆದು ಹೇಳಿದ್ದಕ್ಕೆ ಧನ್ಯವಾದ ಅಕ್ಕ. ಆದರೂ ಸೌತೆ, ಹೀರೆ, ಕುಂಬಳದ ಬೀಜವನ್ನು ಮಾತ್ರ ಒಳಗೆ ಹಾಕಬೇಡಿ. ಅವು ಎರಡೇ ದಿನದಲ್ಲಿ ಉದ್ದ ಆಗಿಬಿಡುತ್ತವೆ, ಬೇರು ಅಲುಗಿದರೂ ಅವಕ್ಕೆ ಆಗುವುದಿಲ್ಲ. ನೇರ ಮಣ್ಣಿಗೇ ಒಳ್ಳೆಯದು.

ಸಿದ್ದಾಪುರ ಸಸಿಮನೆ | ಆಗಸ್ಟ್ 22

ಒಂಬತ್ತು ಪಟ್ಟು ಆಗುವುದು ಬಲ್ಬಿಗೆ. ಬಲ್ಬ್ ಒಂದು ಬಿಂದುವಿನ ಹಾಗೆ, ಅಲ್ಲಿಂದ ಬೆಳಕು ಎಲ್ಲಾ ಕಡೆ ಚದುರುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಟ್ಯೂಬ್ ಉದ್ದನೆಯ ಗೆರೆ. ಅದರ ಹತ್ತಿರ ಇದ್ದಷ್ಟು ಹೊತ್ತು ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುತ್ತದೆ, ಕಾಲು ಆಗುವುದಿಲ್ಲ. ನೀವು ಅರ್ಧ ಅಡಿಗೆ ಇಳಿಸಿದಾಗ ಎರಡು ಟ್ಯೂಬ್‌ಗಳ ನಡುವಿನ ಸಂದಿಯೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಮೂರು ಪಟ್ಟಿಗಿಂತ ಸ್ವಲ್ಪ ಕಡಿಮೆ. ನಿಮ್ಮ ಅಳತೆ ಸರಿಯಾಗಿಯೇ ಇದೆ.

ಅದಕ್ಕೇ ನನಗೆ ಎಳೆ ಸಸಿಗೆ ಟ್ಯೂಬ್ ಇಷ್ಟ. ಒಂದೆರಡು ಇಂಚು ಹೆಚ್ಚುಕಡಿಮೆ ಆದರೂ ದೊಡ್ಡ ಅನಾಹುತ ಇಲ್ಲ. ಟ್ರೇ ಮೇಲೆಲ್ಲ ಹೆಚ್ಚುಕಡಿಮೆ ಒಂದೇ ಸಮ ಬೀಳುತ್ತದೆ. ಟ್ಯೂಬಿನ ಎರಡು ತುದಿಗಳಲ್ಲಿ ಮಾತ್ರ ಅರ್ಧಕ್ಕೆ ಇಳಿಯುತ್ತದೆ, ಅಲ್ಲಿರುವ ಟ್ರೇಗಳನ್ನು ಎರಡು ದಿನಕ್ಕೊಮ್ಮೆ ಮಧ್ಯಕ್ಕೆ ಬದಲಿಸಿ.

9,200 ಲಕ್ಸ್ ಅಂದರೆ 131. ಈಗಿನ ಬೀಜದೆಲೆಗೆ ಸಾಕು. ಗಂಟೆ ಮಾತ್ರ 16 ಮಾಡಿ, ಆಗ ದಿನಕ್ಕೆ ಏಳೂವರೆ ಮೋಲ್ ಸಿಗುತ್ತದೆ. ನಿಜವಾದ ಎಲೆ ಬಂದ ಮೇಲೆ ಇನ್ನೆರಡು ಟ್ಯೂಬ್ ಸೇರಿಸಿ. ಸುತ್ತಲೂ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಅಂಚಿಗೂ ಬೆಳಕು ವಾಪಸ್ ಬೀಳುತ್ತದೆ.

ಹಾಗಂತ 24 ಗಂಟೆ ಉರಿಸಬೇಡಿ. ಟೊಮೆಟೊಗೆ ರಾತ್ರಿ ಬೇಕೇ ಬೇಕು. ಕತ್ತಲೆ ಕೊಡದೇ ಇದ್ದರೆ ಎಲೆ ಹಳದಿಯಾಗಿ ಮಚ್ಚೆ ಬೀಳುತ್ತದೆ.

ಕಾರವಾರ ಬಾಲ್ಕನಿ | ಆಗಸ್ಟ್ 22

ನನ್ನದು ಇದರ ಪೂರ್ತಿ ಉಲ್ಟಾ ಕಥೆ. ಕಾರವಾರದಲ್ಲಿ ಎರಡನೇ ಮಹಡಿ ಫ್ಲ್ಯಾಟ್. ಬಾಲ್ಕನಿಗೆ ಕಡಲ ಕಡೆಯಿಂದ ಮಳೆ ಎರಚುತ್ತದೆ ಅಂತ ಮೆಣಸಿನ ಸಸಿಗಳನ್ನು ಒಳಗೆ ಇಟ್ಟೆ. ಆನ್‌ಲೈನ್‌ನಲ್ಲಿ ನೇರಳೆ ಪ್ಯಾನೆಲ್ ತರಿಸಿದೆ. ಡಬ್ಬಿಯ ಮೇಲೆ 1000 ವ್ಯಾಟ್ ಅಂತ ಬರೆದಿತ್ತು. ಪ್ಲಗ್ಗಿಗೆ ಹಾಕುವ ಮೀಟರ್‌ನಲ್ಲಿ ನೋಡಿದರೆ ಎಳೆಯುವುದು 110 ವ್ಯಾಟ್.

ನಾನೂ ಫೋನಿನಲ್ಲಿ ಅಳೆದೆ. 9,000 ಲಕ್ಸ್ ತೋರಿಸುವ ಹಾಗೆ ಎಂಟು ಇಂಚಿಗೆ ತಂದೆ. ಐದು ದಿನದಲ್ಲಿ ಎಲೆಗಳ ಅಂಚು ಮೇಲಕ್ಕೆ ಸುತ್ತಿಕೊಂಡು ದೊನ್ನೆಯ ಹಾಗಾದವು. ಆಮೇಲೆ ಎಲೆಯ ಮೇಲ್ಭಾಗ ಬಿಳಿಚಿ ಕಾಗದದ ಹಾಗೆ ಒಣಗಿತು. ನಾನು ನೀರು ಕಡಿಮೆ ಆಯಿತು ಅಂದುಕೊಂಡು ನೀರು ಹಾಕಿದೆ, ಗೊಬ್ಬರದ ನೀರೂ ಹಾಕಿದೆ. ಇನ್ನೂ ಹೆಚ್ಚಾಯಿತು. ಅಳತೆ ಮಾಡಿಯೂ ಹೀಗಾಯಿತಲ್ಲ ಅನ್ನುವುದು ನನಗೆ ಬೇಸರ.

ಸಿದ್ದಾಪುರ ಸಸಿಮನೆ | ಆಗಸ್ಟ್ 22

ಟ್ರೇಯಲ್ಲಿ ಯಾವ ಸಸಿಗಳು ಹಾಳಾದವು? ಮಧ್ಯದ್ದೋ, ಅಂಚಿನದ್ದೋ?

ಕಾರವಾರ ಬಾಲ್ಕನಿ | ಆಗಸ್ಟ್ 22

ಈಗ ಹೋಗಿ ನೋಡಿ ಬಂದೆ. ಪ್ಯಾನೆಲ್‌ನ ನೇರ ಕೆಳಗಿರುವ ಹನ್ನೆರಡು ಸಸಿ ಬಿಳಿಚಿವೆ. ಮೂಲೆಯ ನಾಲ್ಕು ಹಸಿರಾಗಿ, ಎಲೆ ಚಪ್ಪಟೆಯಾಗಿ ಚೆನ್ನಾಗಿವೆ. ಎಲ್ಲಕ್ಕೂ ಹಾಕಿದ್ದು ಒಂದೇ ನೀರು, ಒಂದೇ ಗೊಬ್ಬರ.

ಸಿದ್ದಾಪುರ ಸಸಿಮನೆ | ಆಗಸ್ಟ್ 23

ಹಾಗಾದರೆ ಅದು ಬೆಳಕೇ. ನೀರು, ಗೊಬ್ಬರದ ತೊಂದರೆ ಆಗಿದ್ದರೆ ಮೂಲೆಯವೂ ಕೆಡಬೇಕಿತ್ತು. ಮೂಲೆಯ ಆ ನಾಲ್ಕು ಸಸಿಗಳೇ ನಿಮ್ಮ ನಿಜವಾದ ಮೀಟರ್. ಅಲ್ಲಿ ಎಷ್ಟು ಬೆಳಕು ಬೀಳುತ್ತಿದೆಯೋ ಅಷ್ಟು ಎಲ್ಲಕ್ಕೂ ಬೀಳುವ ಹಾಗೆ ಪ್ಯಾನೆಲ್ ಮೇಲೆತ್ತಿ.

ನಿಮ್ಮ ತಪ್ಪು ಏನೂ ಇಲ್ಲ. ಲಕ್ಸ್ ಮೀಟರ್ ನಮ್ಮ ಕಣ್ಣಿನ ಹಾಗೆ, ಹಸಿರು ಬೆಳಕನ್ನು ಜಾಸ್ತಿ ಲೆಕ್ಕ ಹಾಕುತ್ತದೆ, ಕೆಂಪು ಮತ್ತು ನೀಲಿಯನ್ನು ತುಂಬಾ ಕಡಿಮೆ. ನೇರಳೆ ಲೈಟಿನಲ್ಲಿ ಇರುವುದೇ ಕೆಂಪು ಮತ್ತು ನೀಲಿ. ಗಿಡಕ್ಕೆ ಅವೆರಡೂ ಪೂರ್ತಿ ಸಲ್ಲುತ್ತವೆ. ಹಾಗಾಗಿ 70ರಿಂದ ಭಾಗಿಸುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನೀವು 130 ಅಂದುಕೊಂಡದ್ದು ನಿಜಕ್ಕೆ ಅದರ ಮೂರು ನಾಲ್ಕು ಪಟ್ಟು ಇದ್ದಿರಬಹುದು. ಎಳೆ ಸಸಿಗೆ ಒಮ್ಮೆಲೇ ಅಷ್ಟು ಬೆಳಕು ಕೊಟ್ಟರೆ ತಡೆಯುವುದಿಲ್ಲ.

ಎರಡಡಿ ಎತ್ತರಕ್ಕೆ ಏರಿಸಿ. ಮೂರು ನಾಲ್ಕು ದಿನ ಸಸಿ ನೋಡಿ, ಆಮೇಲೆ ಎರಡೆರಡು ಇಂಚು ಇಳಿಸುತ್ತಾ ಬನ್ನಿ. ಬಿಳಿಚಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಹೇಗೆ ಬರುತ್ತದೆ ಅನ್ನುವುದನ್ನು ಮಾತ್ರ ನೋಡಿ. ಗೊಬ್ಬರ ಈಗ ಬೇಡ.

ಕುಮಟಾ ಗದ್ದೆಬದಿ | ಆಗಸ್ಟ್ 23

ಲೈಟಿನ ಕೆಳಗೆ ಅಂಗೈ ಹಿಡಿದು ನೋಡಿ, ಬಿಸಿ ಹತ್ತದಿದ್ದರೆ ಸರಿ ಅಂತ ಹೇಳುತ್ತಾರಲ್ವಾ? ನಾನು ಅದನ್ನೇ ಮಾಡುತ್ತಿದ್ದೆ. ಅದು ಹಳೇ ಹಳದಿ ಬಲ್ಬಿನ ಕಾಲದ ಲೆಕ್ಕ ಅಂತ ಈಗ ಗೊತ್ತಾಯಿತು. ಎಲ್‌ಇಡಿಯ ಬಿಸಿ ಹಿಂದಕ್ಕೆ ಹೋಗುತ್ತದೆ, ಕೈಗೆ ತಂಪಾಗಿದ್ದರೂ ಎಲೆಗೆ ಬೆಳಕು ಜಾಸ್ತಿ ಆಗಬಹುದು.

ಇನ್ನೊಂದು ವಿಷಯ ಕಾರವಾರದವರಿಗೂ ನಮಗೂ ಸೇರಿದ್ದು. ಕಡಲ ಬದಿಯಲ್ಲಿ ಮಳೆಗಾಲದ ರಾತ್ರಿಯೂ ಸೆಕೆ. ಶಿರಸಿಯಲ್ಲಿ ರಾತ್ರಿ ತಂಪು ಬೀಳುತ್ತದೆ. ಸೆಕೆ ಇದ್ದು ಬೆಳಕು ಕಡಿಮೆ ಆದರೆ ಸಸಿ ಬೇಗ ಉದ್ದ ಆಗುತ್ತದೆ. ಘಟ್ಟದ ಮೇಲೆ 100ರಲ್ಲಿ ಸರಿಯಾಗಿ ಬರುವ ಟೊಮೆಟೊ ನಮ್ಮಲ್ಲಿ ಉದ್ದ ಎಳೆಯುವುದನ್ನು ನೋಡಿದ್ದೇನೆ. ನಾನು ಮೊದಲ ದಿನದಿಂದಲೇ 150 ಇಡುತ್ತೇನೆ. ಮೊಳಕೆ ಬಗ್ಗಿಕೊಂಡು ಮಣ್ಣಿನಿಂದ ಮೇಲೆ ಬರುವುದು ಕಂಡ ಕ್ಷಣ ಲೈಟ್ ಹಾಕಿ. ನಾಳೆ ಹಾಕೋಣ ಅಂತ ಬಿಟ್ಟರೆ ಆ ಒಂದು ರಾತ್ರಿಯಲ್ಲೇ ಉದ್ದ ಆಗಿಬಿಡುತ್ತದೆ.

ಫ್ಯಾನ್ ಮರೆಯಬೇಡಿ. ಚಿಕ್ಕ ಟೇಬಲ್ ಫ್ಯಾನ್ ಕಡಿಮೆ ವೇಗದಲ್ಲಿ, ಎಲೆ ಸ್ವಲ್ಪ ಅಲುಗುವಷ್ಟು. ಗಾಳಿಗೆ ಅಲುಗಿದ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಮಣ್ಣಿನ ಮೇಲ್ಪದರವೂ ಆರುತ್ತದೆ, ಬುಡ ಕೊಳೆಯುವುದು ತಪ್ಪುತ್ತದೆ. ಮೊಳೆತ ಮೇಲೆ ಪ್ಲಾಸ್ಟಿಕ್ ಮುಚ್ಚಳ ತೆಗೆದುಬಿಡಿ.

ಯಲ್ಲಾಪುರ ವೈರಿಂಗ್ | ಆಗಸ್ಟ್ 24

ನಾನು ಕರೆಂಟ್ ಕೆಲಸದವನು, ಗಿಡದ ವಿಷಯ ಅಷ್ಟು ಗೊತ್ತಿಲ್ಲ. ಆದರೆ ಒಂದೇ ಕೋಣೆಯಲ್ಲಿ ನೀರು, ಒದ್ದೆ ನೆಲ, ತೂಗಾಡುವ ಟ್ಯೂಬ್ ಅಂದಾಗ ಭಯ ಆಗುತ್ತದೆ. ದಯವಿಟ್ಟು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಿಂದಲೇ ತೆಗೆದುಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಇಡಬೇಡಿ, ಟ್ರೇಗಿಂತ ಎತ್ತರಕ್ಕೆ ಗೋಡೆಗೆ ಹೊಡೆಯಿರಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಸ್ವಲ್ಪ ಕೆಳಕ್ಕೆ ಜೋತು ಬಿಟ್ಟು ಆಮೇಲೆ ಮೇಲೇರಲಿ. ಆಗ ನೀರು ವೈರಿನಲ್ಲಿ ಹರಿದು ಬಂದರೂ ಆ ಬಾಗಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ನೀರು ಹಾಕುವಾಗ ಸ್ವಿಚ್ ಆರಿಸಿ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಟೈಮರ್ ಕೊಳ್ಳುವವರು ಬ್ಯಾಟರಿ ಇರುವ ಡಿಜಿಟಲ್ ಕೊಳ್ಳಿ. ಹಲ್ಲು ತಿರುಗಿಸುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಗಂಟೆ ಹೋದರೂ ಮೂರೇ ದಿನದಲ್ಲಿ ಹಗಲು ರಾತ್ರಿ ಅದಲು ಬದಲು ಆಗಿರುತ್ತದೆ.

ಖರ್ಚಿನ ಲೆಕ್ಕ: 20 ವ್ಯಾಟ್‌ನ ನಾಲ್ಕು ಟ್ಯೂಬ್ 16 ಗಂಟೆ ಉರಿದರೆ ದಿನಕ್ಕೆ 1.28 ಯೂನಿಟ್. ತಿಂಗಳಿಗೆ 38 ಯೂನಿಟ್ ಚಿಲ್ಲರೆ.

ಶಿರಸಿ ಹೆಂಚಿನಮನೆ | ಸೆಪ್ಟೆಂಬರ್ 4

ಎರಡು ದಿನ ಮರ ಬಿದ್ದು ಕರೆಂಟೇ ಇರಲಿಲ್ಲ. ಮೂರನೇ ದಿನ ಸರಿದೂಗಿಸಲು ರಾತ್ರಿ ಪೂರ್ತಿ ಉರಿಸಬೇಕಾ ಅಂತ ಮನಸ್ಸಾಯಿತು. ಟೊಮೆಟೊಗೆ ರಾತ್ರಿ ಬೇಕು ಅಂದದ್ದು ನೆನಪಾಗಿ 16 ಗಂಟೆಗೇ ಬಿಟ್ಟೆ. ಸಸಿಗಳು ಸ್ವಲ್ಪ ಮಂಕಾಗಿದ್ದವು, ಈಗ ಸರಿಯಾಗಿವೆ.

ಮೊದಲಿನ ಉದ್ದ ಟೊಮೆಟೊಗಳನ್ನು ಬಿಸಾಡಲು ಮನಸ್ಸು ಬರಲಿಲ್ಲ. ಬೀಜದೆಲೆಯ ಕುತ್ತಿಗೆವರೆಗೆ ಮಣ್ಣಿಗೆ ಇಳಿಸಿ ಬೇರೆ ಲೋಟಕ್ಕೆ ನೆಟ್ಟೆ. ಟೊಮೆಟೊ ಕಾಂಡದಲ್ಲಿ ಬೇರು ಬರುತ್ತದೆ ಅಂತ ಗೊತ್ತಿತ್ತು. ಇಪ್ಪತ್ತರಲ್ಲಿ ಹದಿನಾಲ್ಕು ಬದುಕಿವೆ.

ಈಗ ನಾಲ್ಕು ಟ್ಯೂಬ್ ಆಗಿದೆ. ಅರ್ಧ ಅಡಿಯಲ್ಲಿ 13,400 ಲಕ್ಸ್, ದಿನಕ್ಕೆ 11 ಮೋಲ್. ಸಸಿ ಬೆಳೆದ ಹಾಗೆ ಹಗ್ಗದ ಗಂಟು ಒಂದೊಂದೇ ಮೇಲಕ್ಕೆ ಕಟ್ಟುತ್ತೇನೆ.

ಅತ್ತೆಯ ಬದನೆ ಆಗಸ್ಟ್ 24ಕ್ಕೆ ಹಾಕಿದೆ. ಮೊಳೆತ ದಿನದಿಂದ ಲೈಟ್ ಅರ್ಧ ಅಡಿಯಲ್ಲೇ ಇದೆ. ಇವತ್ತು ಬೆಳಿಗ್ಗೆ ಅತ್ತೆಯನ್ನು ಕರೆದು ತೋರಿಸಿದೆ. ಒಂದು ಇಂಚು ಎತ್ತರ ಇಲ್ಲ, ಕಾಂಡ ಬೆಂಕಿಕಡ್ಡಿಗಿಂತ ಸ್ವಲ್ಪ ತೆಳು, ನೇರಳೆ ಛಾಯೆ. ಬೀಜದೆಲೆ ಅಂಗೈ ಚಾಚಿದ ಹಾಗೆ ಅಡ್ಡಕ್ಕೆ ನಿಂತಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಬಿಸಿಲಲ್ಲಿ ಹುಟ್ಟಿದ ಹಾಗೇ ಇದೆ" ಅಂದರು.

ಕಾರವಾರ ಬಾಲ್ಕನಿ | ಸೆಪ್ಟೆಂಬರ್ 6

ನನ್ನ ಹನ್ನೆರಡರಲ್ಲಿ ಎಂಟು ಉಳಿದವು. ಪ್ಯಾನೆಲ್ ಎರಡಡಿಗೆ ಏರಿಸಿದ ಮೇಲೆ ಬಂದ ಎಲೆಗಳೆಲ್ಲ ಚಪ್ಪಟೆ, ಹಸಿರು. ಈಗ ಇಪ್ಪತ್ತು ಇಂಚಿನಲ್ಲಿದೆ. ಇನ್ನು ಇಳಿಸುವುದಿಲ್ಲ, ಸಸಿಗಳು ಚೆನ್ನಾಗಿರುವಾಗ ಯಾಕೆ ಮುಟ್ಟಬೇಕು?

ಸಿದ್ದಾಪುರ ಸಸಿಮನೆ | ಸೆಪ್ಟೆಂಬರ್ 6

ಓದಿ ತುಂಬಾ ಖುಷಿಯಾಯಿತು. ಹೊರಗೆ ಒಯ್ಯುವಾಗ ಮಾತ್ರ ಅವಸರ ಮಾಡಬೇಡಿ. ಒಳಗೆ 200ರಲ್ಲಿ ಬೆಳೆದ ಎಲೆಗೆ ಅಕ್ಟೋಬರ್‌ನ ಬಿಸಿಲು 2,000ದ ಹತ್ತಿರ, ಅಂದರೆ ಹತ್ತು ಪಟ್ಟು. ನೇರ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬಿಳಿಚಿಬಿಡುತ್ತವೆ. ಎಂಟು ಹತ್ತು ದಿನ ತೆಗೆದುಕೊಳ್ಳಿ. ಮೊದಲು ಬೆಳಗಿನ ಎಳೆ ಬಿಸಿಲು ಒಂದು ಗಂಟೆ, ಆಮೇಲೆ ದಿನ ದಿನ ಹೆಚ್ಚಿಸಿ. ತೋಟ ಇರುವವರಿಗೆ ಅಡಿಕೆ ಮರದ ಕೆಳಗಿನ ಜಾಗದಂಥದ್ದು ಬೇರೆ ಇಲ್ಲ. ಬಿಸಿಲು ಅಲ್ಲಿ ತುಂಡು ತುಂಡಾಗಿ ಬಿದ್ದು ಸರಿಯುತ್ತಿರುತ್ತದೆ. ಫ್ಲ್ಯಾಟಿನವರು ಅರ್ಧ ನೆರಳು ಕೊಡುವ ಹಸಿರು ಬಲೆ ಕಟ್ಟಿ.

ಶಿರಸಿ ಹೆಂಚಿನಮನೆ | ಅಕ್ಟೋಬರ್ 3

ಟ್ರೇಗಳು ಇವತ್ತಿಗೆ ಆರು ದಿನದಿಂದ ಅಡಿಕೆ ಮರದ ಕೆಳಗಿವೆ. ಮೊದಲ ದಿನ ಎರಡು ಬದನೆ ಸಸಿಗೆ ಮಧ್ಯಾಹ್ನದ ಬಿಸಿಲು ನೇರ ಬಿದ್ದು ಎಲೆಯ ಮೇಲೆ ಬೆಳ್ಳಿ ಬಣ್ಣದ ಕಲೆ ಆಯಿತು, ಟ್ರೇ ಒಂದು ಮೊಳ ಆಚೆ ಸರಿಸಿದೆ. ಉಳಿದವು ಚೆನ್ನಾಗಿವೆ. ಒಟ್ಟು 46 ಬದನೆ. ಅತ್ತೆ ಈಗಲೇ ಬೀಜಕ್ಕೆ ಬಿಡುವ ಆರು ಗಿಡದ ಜಾಗ ಗುರುತು ಮಾಡಿ ಕೋಲು ನೆಟ್ಟಿದ್ದಾರೆ.

ಅಂಕೋಲಾದವರಿಗೆ ಹತ್ತು ಸಸಿ ಎತ್ತಿಟ್ಟಿದ್ದೇನೆ. ಭಾನುವಾರ ನಮ್ಮವರು ದೇವಿಮನೆ ಘಟ್ಟದಲ್ಲಿ ಇಳಿದು ಕುಮಟಾಕ್ಕೆ ಬರುತ್ತಾರೆ. ಕುಮಟಾದವರೂ ಬೇಕಿದ್ದರೆ ಹೇಳಿ, ಒಂದೇ ಬುಟ್ಟಿಯಲ್ಲಿ ಕಳಿಸುತ್ತೇನೆ.

ಕುಮಟಾ ಗದ್ದೆಬದಿ | ಅಕ್ಟೋಬರ್ 3

ಐದು ಕಳಿಸಿ ಅಕ್ಕಾ. ಅಂಕೋಲಾದವರ ಹತ್ತನ್ನೂ ನಾನೇ ತಲುಪಿಸುತ್ತೇನೆ. ಬುಟ್ಟಿಗೆ ಮೇಲಿನಿಂದ ಒದ್ದೆ ಬಟ್ಟೆ ಮುಚ್ಚಿ ಕೊಡಿ, ಘಟ್ಟ ಇಳಿದ ಮೇಲೆ ಬಿಸಿಲು ಜೋರಿದೆ.